ಬಿಸಿ ತಾಗಿದಾಗ ಏಳುವ ವಾಸನೆ

ಬೆಲೆಂ
೮ ನವೆಂಬರ್ ೨೦೧೫, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಲಿಂದಾಲ್ವಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಮನೌಸಿನ ಸೆಕೆಗೆ ಗಂಟಲು ಒಣಗುತ್ತದೆ ಅಂತ ನೀನು ಫೋನಿನಲ್ಲಿ ಹೇಳಿದ್ದೆ, ಇದ್ದರೂ ಇರಬಹುದು ಅಂದುಕೊಂಡೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಗಿರಾಕಿಗಳ ತಲೆ ಮುಗಿಯುವ ತನಕ ಬರೀ ಕಾಫಿಯೋ? ಪಾರ್ಲರ್ ಅವಳದಾದರೂ ಹೊಟ್ಟೆ ನಿನ್ನದು ಅಂತ ನಿನ್ನ ಚಿಕ್ಕಮ್ಮನ ಮಗಳು ಸೆಲ್ಮಿರಾಗೆ ನಾನು ಹೇಳಿದೆನೆಂದು ಹೇಳು. ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ಮಾಯೀರಾ ಇನ್ನಷ್ಟು ಬೆಳೆದಿದ್ದಾಳೆ, ಅದರಲ್ಲಿ ಹೆಚ್ಚಿನದು ಕೂದಲೇ.

ಫೋನು ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ನಾಲ್ಕು ಮಾತಾಡಿ, ಒಂದಿಷ್ಟು ಕೆಮ್ಮಿ, ‘ಗಿರಾಕಿ ಬಂದ್ರು, ಇಡ್ತೀನಿ’ ಅಂತ ಇಟ್ಟೇಬಿಡುತ್ತೀ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಲೂ ಆಗದು. ಬುಧವಾರದ ಹಡಗಿನ ಅಡುಗೆಯವನು ಜೆನಿವಾಲ್ದೊ ಇದನ್ನು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಐದು ದಿನ ಹೊಳೆಯ ಮೇಲೆ ಹೋಗುವ ಕಾಗದವಲ್ಲವೇ, ಸ್ವಲ್ಪ ಉದ್ದವಾದರೆ ಬೇಸರಿಸಬೇಡ.

ಈಗ ಮಳೆ ಬಂದು ನಿಂತಿದೆ. ವರಾಂಡದ ಜೋಲಿಯಲ್ಲಿ ಮಲಗಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೀದಿಯ ಮಾವಿನಮರಗಳಿಂದ ಹನಿ ಇನ್ನೂ ಬೀಳುತ್ತಿದೆ, ಆಗಾಗ ಹಣ್ಣೂ ಬೀಳುತ್ತದೆ, ಯಾರದೋ ಕಾರಿನ ಮೇಲೆ ಧಡ್ ಅಂತ ಸದ್ದಾಗುತ್ತದೆ. ಈ ಹೊತ್ತಿನಲ್ಲಿ ನಿದ್ದೆ ಯಾವುದು ಎಚ್ಚರ ಯಾವುದು ಅಂತ ನನಗೆ ತಿಳಿಯುವುದೇ ಇಲ್ಲ, ನಿನಗೆ ಗೊತ್ತಲ್ಲ. ಆಗಲೇ ಒಂದು ಜೊಂಪು ಹತ್ತಿತ್ತು. ಕನಸಿನಲ್ಲಿ ನಮ್ಮ ಮ್ಯೂಸಿಯಮ್ಮಿನ ಮೀನಿನ ಕೋಣೆ. ಗಾಜಿನ ಜಾಡಿಗಳೆಲ್ಲ ಸಾಲಾಗಿ ಸಂಜೆಯ ಬಿಸಿಲಿನಲ್ಲಿ ಹಳದಿಯಾಗಿ ಹೊಳೆಯುತ್ತಿದ್ದವು. ಒಂದರಲ್ಲಿ ಮೀನಿರಲಿಲ್ಲ, ಕೂದಲಿತ್ತು. ಉದ್ದಕ್ಕೆ, ನೆಟ್ಟಗೆ, ನೀರಿನಲ್ಲಿ ಮೆಲ್ಲಗೆ ಆಡುತ್ತಿತ್ತು. ಅದರ ಹಿಂದಿನಿಂದ ನೀನು ಏನೋ ಹೇಳುತ್ತಿದ್ದೆ, ಗಾಜು ಅಡ್ಡವಾಗಿ ಕೇಳಿಸಲಿಲ್ಲ. ಎಚ್ಚರವಾದಾಗ ಬೆವತಿದ್ದೆ.

ಕನಸು ಬಿದ್ದದ್ದು ಯಾಕೆ ಅಂದರೆ ಗುರುವಾರ ನಡೆದದ್ದರಿಂದ. ಡಿಸೆಂಬರಿನಲ್ಲಿ ಚರ್ಚಿನಲ್ಲಿ ನಡೆಯುವ ಮಾಯೀರಾಳ ಪ್ರಥಮ ಪರಮಪ್ರಸಾದದ ದಿನಕ್ಕೆ ಕೂದಲು ನೆಟ್ಟಗಾಗಲಿ ಅಂತ ನೀನು ಕಳಿಸಿದ ಬಾಟಲಿ ಬಂದಾಗ ಅವಳು ಮನೆಯೆಲ್ಲ ಕುಣಿದಳು. ಬಾಟಲಿಯ ಮೇಲೆ ಕೂದಲು ಹಾರಿಸಿಕೊಂಡು ನಿಂತ ಹೆಂಗಸು, ಅವಳ ಪಕ್ಕ ದಪ್ಪ ಅಕ್ಷರದಲ್ಲಿ ‘ಫಾರ್ಮಾಲಿನ್ ಇಲ್ಲ’. ನಾವು ಮೀನು ಕೆಡದಂತೆ ಜಾಡಿಗೆ ಸುರಿಯುವ ಅದೇ ಫಾರ್ಮಾಲಿನ್. ನಾನೂ ಮುಚ್ಚಳ ತೆಗೆದು ಮೂಸಿದೆ. ಕೊಬ್ಬರಿ, ಚಾಕಲೇಟಿನ ವಾಸನೆ. ಕೇಕಿಗೆ ಹಾಕಬಹುದು ಅಂತ ತಮಾಷೆಯನ್ನೂ ಮಾಡಿದೆ. ಡಿಸೆಂಬರಿಗೆ ಮೊದಲು ಒಂದು ಸಲ ಹಾಕಿ ನೋಡೋಣ ಅಂತ ಪಕ್ಕದ ಮನೆಯ ಒದೆಚಿಯಕ್ಕ ಒಪ್ಪಿಕೊಂಡಳು. ಗುರುವಾರ ಸಂಜೆ ಕೆಲಸ ಮುಗಿಸಿ ಬ್ರೆಡ್ ಅಂಗಡಿಯ ಮೂಲೆ ತಿರುಗಿದೆ ನೋಡು, ನಮ್ಮ ಮೀನಿನ ಕೋಣೆಯ ವಾಸನೆ ಮೂಗಿಗೆ ಬಡಿಯಿತು. ಅಭ್ಯಾಸದಂತೆ ಅಂಗಿಯ ತೋಳು ಮೂಸಿಕೊಂಡೆ. ತೋಳಿನದಲ್ಲ. ಗಾಳಿ ಮನೆಯ ಕಡೆಯಿಂದ ಬರುತ್ತಿತ್ತು. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ನೋಡಿ ಅಂಗಡಿಯವರು ಬಾಗಿಲಿಗೆ ಬಂದರಂತೆ.

ಇದೇ ವರಾಂಡದಲ್ಲಿ ಒದೆಚಿಯಕ್ಕ ಒಂದು ಕೈಯಲ್ಲಿ ಕೂದಲಿನ ಇಸ್ತ್ರಿ, ಇನ್ನೊಂದರಲ್ಲಿ ಬೀಸಣಿಗೆ ಹಿಡಿದು, ಕಣ್ಣೀರು ಸುರಿಸುತ್ತಾ ನಿಂತಿದ್ದಳು. ಇಸ್ತ್ರಿಯಿಂದ ಬಿಳಿ ಹೊಗೆ. ಮಾಯೀರಾ ಕಣ್ಣು ಮುಚ್ಚಿ, ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಳು. ನಾನು ಹೋದವನೇ ಪ್ಲಗ್ ಕಿತ್ತೆ. ‘ಅಯ್ಯೋ, ಇದೇನು ಮಾಡ್ದೆ ಓಸ್ಮರೀನೊ, ಕಣ್ಣು ಉರಿದ್ರೇನೇ ಮದ್ದು ಹಿಡೀತಿದೆ ಅಂತ ಲೆಕ್ಕ,’ ಅಂತ ಒದೆಚಿಯಕ್ಕ ಗೊಣಗಿದಳು. ಪಾಪ, ಅವಳದೇನೂ ತಪ್ಪಿಲ್ಲ, ಈ ಊರಿನ ಹೆಂಗಸರೆಲ್ಲ ನಂಬಿರುವುದು ಹಾಗೆಯೇ. ಮಗಳ ಎಡಗಿವಿಯ ಪಕ್ಕ ಒಂದು ಎಳೆ ಹುಲ್ಲುಕಡ್ಡಿಯ ಹಾಗೆ ನೆಟ್ಟಗಾಗಿತ್ತು, ಉಳಿದದ್ದೆಲ್ಲ ಎಂದಿನ ಗುಂಗುರು. ಕನ್ನಡಿ ನೋಡಿಕೊಂಡು ಅತ್ತಳು. ‘ನಿಂಗೆ ಮೀನು ಬಿಟ್ರೆ ಇನ್ನೇನೂ ಗೊತ್ತಿಲ್ಲಪ್ಪಾ,’ ಅಂದಳು. ಆಮೇಲೆ ನನ್ನ ಜೊತೆ ಮಾತೇ ಇಲ್ಲ.

ಶುಕ್ರವಾರ ಬಾಟಲಿಯನ್ನು ಮ್ಯೂಸಿಯಮ್ಮಿಗೆ ಒಯ್ದು ಮೇಲಿನ ಮಹಡಿಯ ಡಾಕ್ಟರ್ ಎಲೋಯಿಜಾಗೆ ತೋರಿಸಿದೆ. ಅವರು ಕೆಮಿಸ್ಟ್ರಿ ಓದಿದವರು, ನಾನು ಯಾವ ಪೆದ್ದು ಪ್ರಶ್ನೆ ಕೇಳಿದರೂ ಕೂರಿಸಿಕೊಂಡು ಹೇಳುತ್ತಾರೆ. ಹಿಂಬದಿಯ ಸಾಸಿವೆಯಂಥ ಅಕ್ಷರಗಳನ್ನು ಭೂತಕನ್ನಡಿಯಲ್ಲಿ ಓದಿ, ಒಂದು ಹೆಸರಿನ ಮೇಲೆ ಬೆರಳಿಟ್ಟರು. ಗ್ಲೈಆಕ್ಸಿಲಿಕ್ ಆಮ್ಲ. ‘ಲೇಬಲ್ಲು ಸುಳ್ಳು ಹೇಳಿಲ್ಲ ಓಸ್ಮರೀನೊ. ಬಾಟ್ಲಿ ಒಳಗೆ ಫಾರ್ಮಾಲಿನ್ ಇಲ್ಲ. ಬಿಸಿ ಇಸ್ತ್ರಿ ಇಟ್ಟಾಗ ಅಲ್ಲೇ ಹುಟ್ಕೊಳ್ಳತ್ತೆ,’ ಅಂದರು. ತಣ್ಣಗಿದ್ದಾಗ ಸಾಧುವಂತೆ, ಬಿಸಿ ತಾಗಿತೋ ಹೊಗೆಯ ಜೊತೆ ಎದ್ದುಬರುತ್ತದಂತೆ. ಇನ್ನೂ ಎರಡು ಮೂರು ಉದ್ದುದ್ದ ಹೆಸರು ಬರೆದುಕೊಟ್ಟರು. ಅವು ಶಾಂಪೂ ಕೆಡದಂತೆ ಕಾಯಲು ಅದಕ್ಕೆ ಹಾಕುವಂಥವು, ಕೂತಲ್ಲೇ ಚೂರುಚೂರು ಫಾರ್ಮಾಲಿನ್ ಬಿಡುತ್ತವಂತೆ. ‘ಪರಿಮಳ’ ಅಂತ ಒಂದೇ ಮಾತು ಬರೆದಿದ್ದರೆ ಅದರೊಳಗೆ ಏನೇನಿದೆಯೋ ಓದುವವರಿಗೆ ತಿಳಿಯುವುದಿಲ್ಲವಂತೆ. ಮನೆಗೆ ಬಂದು ಬಚ್ಚಲಿನ ಬಾಟಲಿಗಳನ್ನೆಲ್ಲ ಬೆಳಕಿಗೆ ಹಿಡಿದು ಓದುತ್ತಾ ಕೂತೆ. ನನ್ನ ಮಗಳು ಬಾಗಿಲಲ್ಲಿ ನಿಂತು, ಅಪ್ಪನಿಗೆ ತಲೆ ಕೆಟ್ಟಿತು ಅನ್ನುವ ಮುಖ ಮಾಡಿ ಹೋದಳು.

ಆದರೆ ಡಾಕ್ಟರ್ ಕೊನೆಗೆ ಒಂದು ಮಾತು ಹೇಳಿದ್ದರು. ತೊಳೆದುಹೋಗುವ ಶಾಂಪೂಗಿಂತ ಮುಚ್ಚಿದ ಕೋಣೆಯ ಹೊಗೆಗೆ ಹೆದರಬೇಕು, ಅಂದಿದ್ದರು. ‘ಅದನ್ನ ಯಾವಾಗ್ಲೋ ಒಂದ್ಸಲ ಹಾಕಿಸ್ಕೊಂಡೋರಿಗಿಂತ ದಿನಾ ಹಾಕೋರಿಗೆ ಕಷ್ಟ.’ ನಾನು ಮೆಟ್ಟಿಲಿಳಿದು ಬಂದು ಜಾಡಿಗಳ ನಡುವೆ ನಿಂತೆ. ಯಾವ ಜಾಡಿಯನ್ನು ತೆಗೆಯಬೇಕಿತ್ತೋ ಮರೆತುಹೋಯಿತು.

ಕಳೆದ ತಿಂಗಳು ನಜರೇ ಮಾತೆಯ ಹಬ್ಬಕ್ಕೆ ನೀನು ಬಂದಿದ್ದೆಯಲ್ಲ. ಮದುವೆಯಾದಾಗಿನಿಂದ ನಿನ್ನದು ಒಂದೇ ರಾಗ: ‘ಮೊದ್ಲು ಸ್ನಾನ, ಆಮೇಲೆ ಮುದ್ದು. ಉಪ್ಪಿನಕಾಯಿ ಹಾಕಿದ ಮೀನಿನ ಥರ ನಾರ್ತೀಯ ಮಾರಾಯ.’ ಆ ಮಧ್ಯಾಹ್ನ ಊಟವಾದ ಮೇಲೆ ಇದೇ ಜೋಲಿಯಲ್ಲಿ ನನ್ನ ಎದೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಜೋಲಿ ತೂಗುತ್ತಿತ್ತು, ದೂರದಲ್ಲಿ ಗಂಟೆ ಕೇಳುತ್ತಿತ್ತು, ಇಷ್ಟೇ ಸಾಕಪ್ಪ ಈ ಜನ್ಮಕ್ಕೆ ಅನಿಸುತ್ತಿತ್ತು. ಆಗ ಆ ವಾಸನೆ ಬಂತು. ರಜೆಯ ದಿನ, ಆದರೂ ಬಂತು. ನನ್ನದೇ ಅಂದುಕೊಂಡೆ. ಮೆಲ್ಲಗೆ ಎದ್ದುಹೋಗಿ ಮತ್ತೆ ಸ್ನಾನ ಮಾಡಿಕೊಂಡು ಬಂದೆ. ಆಗಲೂ ಹೋಗಲಿಲ್ಲ. ಚರ್ಮದೊಳಗೇ ಇಳಿದಿರಬೇಕು ಅಂತ ನಾಚಿಕೆಯಾಗಿ, ನಿನಗೆ ತಾಗದ ಹಾಗೆ ಅಂಚಿಗೆ ಸರಿದು ಮಲಗಿದೆ. ಹೊರಡುವ ದಿನ ಹಡಗಿನ ಕಟ್ಟೆಯಲ್ಲಿ ನಿನ್ನ ಕಣ್ಣು ಕೆಂಪಾಗಿತ್ತು. ನನ್ನನ್ನು ಬಿಟ್ಟು ಹೋಗಲಾರದೆ ಅತ್ತಿದ್ದಾಳೆ ಅಂತ ಒಳಗೊಳಗೇ ಖುಷಿಪಟ್ಟೆ ಕಣೇ. ಒದೆಚಿಯಕ್ಕನ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ. ಆ ಕಣ್ಣು ಬಂದ ದಿನವೂ ಕೆಂಪಾಗಿಯೇ ಇತ್ತು ಅನ್ನುವುದು ಈಗ ನೆನಪಾಗುತ್ತಿದೆ. ಆ ವಾಸನೆ ನನ್ನದಾಗಿರಲಿಲ್ಲ, ಲಿಂದಾಲ್ವಾ. ನಿನ್ನ ಕೂದಲಿನದು.

ನಮ್ಮಲ್ಲಿ ಹೊಗೆ ಎಳೆಯುವ ಫ್ಯಾನು ಹಾಕದೆ ಒಂದು ಮುಚ್ಚಳ ತೆಗೆಯಲೂ ಬಿಡುವುದಿಲ್ಲ. ಸತ್ತ ಮೀನಿನ ಮುಂದೆ ನಾನು ಮುಖಗವಸು, ಕೈಗವಸು ಎಲ್ಲ ಹಾಕಿಕೊಂಡು ನಿಲ್ಲುತ್ತೇನೆ. ನೀನು ಏಸಿಯ ತಂಪು ಹೊರಗೆ ಹೋಗುತ್ತದೆ ಅಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬರೀ ಮುಖದಲ್ಲಿ ನಿಂತಿದ್ದೀ. ಜನವರಿಯಿಂದ ಸೆಲ್ಮಿರಾ ಪಾರ್ಲರಿನಲ್ಲಿ ಪಾಲು ಕೊಡುತ್ತಾಳೆ, ಬೋರ್ಡಿನ ಮೇಲೆ ಅವಳ ಹೆಸರಿನ ಪಕ್ಕ ನಿನ್ನ ಹೆಸರೂ ಬರುತ್ತದೆ ಅಂತ ಎಷ್ಟು ಆಸೆ ಇಟ್ಟುಕೊಂಡಿದ್ದೀ ಅಂತ ನನಗೆ ಗೊತ್ತು. ಆ ಬೋರ್ಡಿನ ಬಣ್ಣ ಯಾವುದಿರಬೇಕು ಅಂತ ಹಬ್ಬದ ಊಟದುದ್ದಕ್ಕೂ ಮಾತಾಡಿದ್ದೆ. ನಿನ್ನ ಕೈಯ ಕೆಲಸ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಕತ್ತರಿಸು, ತೊಳೆ, ಜಡೆ ಹೆಣೆ, ನಿನ್ನಷ್ಟು ಚೆನ್ನಾಗಿ ಯಾರು ಮಾಡುತ್ತಾರೆ? ಆ ಹೊಗೆಯೊಂದು ಬೇಡ. ನನಗೆ ಭಯವಾಗುತ್ತಿದೆ, ಅಷ್ಟೇ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಮಾಯೀರಾ ಬಾಚಣಿಗೆ ಹಿಡಿದುಕೊಂಡು ಬಂದು, ಒಂದೂ ಮಾತಾಡದೆ ನನ್ನ ಮುಂದೆ ಬೆನ್ನು ಮಾಡಿ ಕೂತಳು. ಕೂದಲು ಒದ್ದೆ ಮಾಡಿ, ಮುರುಮುರು ಕಾಯಿಯ ಬೆಣ್ಣೆ ಸವರಿ, ನೀನು ಹೇಳಿಕೊಟ್ಟ ಹಾಗೆ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಹೋದೆ. ಎಷ್ಟೋ ಹೊತ್ತಿನ ಮೇಲೆ ‘ಅಮ್ಮ ಆದ್ರೆ ಇಷ್ಟು ಎಳೀತಿರ್ಲಿಲ್ಲ’ ಅಂದಳು. ರಾಜಿಯಾಯಿತು ಅಂತ ತಿಳಿದುಕೊಂಡೆ. ಆ ನೆಟ್ಟಗಿನ ಎಳೆಯನ್ನು ಕತ್ತರಿಸಲು ಮಾತ್ರ ಬಿಡಲಿಲ್ಲ, ಅಮ್ಮ ಬಂದು ನೋಡಲಿ ಅಂತಾಳೆ.

ಸೆಲ್ಮಿರಾಗೆ ನನ್ನ ನಮಸ್ಕಾರ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಒದೆಚಿಯಕ್ಕ ನಿನ್ನನ್ನು ಕೇಳಿದಳು. ನಜರೇ ಮಾತೆ ನಿನ್ನ ಉಸಿರನ್ನು ಕಾಯಲಿ. ಮಗಳ ಮುತ್ತುಗಳನ್ನೆಲ್ಲ ಈ ಕಾಗದದಲ್ಲೇ ಮಡಿಸಿ ಇಟ್ಟಿದ್ದೇನೆ.

ಸದಾ ನಿನ್ನವನೇ ಆದ
ಓಸ್ಮರೀನೊ

ತಾ.ಕ.: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಬಾಟಲಿ ಕಳಿಸಿದ ದಿನ ಫೋನಿನಲ್ಲಿ ನೀನು ಹೇಳಿದ್ದೆ, ‘ತುಂಬಾ ಒಳ್ಳೇದು ಮಾರಾಯ, ದಿನಾ ನಾನೇ ಹಾಕ್ತೀನಲ್ಲ, ಬಿಸಿ ಇಸ್ತ್ರಿ ಇಟ್ರೂ ಒಂಚೂರೂ ವಾಸ್ನೆ ಬರಲ್ಲ’ ಅಂತ. ಗುರುವಾರ ಇಡೀ ಬೀದಿಗೆ ಬಂದ ವಾಸನೆ ಅದು. ನಮ್ಮ ಕೋಣೆಯ ಮುದುಕ ವಲ್ದೆಮಾರ್ ಈ ಫ್ಯಾನುಗಳು ಬರುವ ಮೊದಲಿನಿಂದ ಕೆಲಸ ಮಾಡಿದವನು. ಮೂಗು ಹೋಗಿದೆ ಅಂತ ಅವನಿಗೇ ಗೊತ್ತಾಗಿರಲಿಲ್ಲ, ಹೆಂಡತಿ ಹೇಳಬೇಕಾಯಿತು. ಇದನ್ನು ಓದಿದ ಕೂಡಲೇ ಅಡುಗೆಮನೆಗೆ ಹೋಗಿ ಕಣ್ಣು ಮುಚ್ಚಿ ಕಾಫಿಪುಡಿಯ ಡಬ್ಬಿ ಮೂಸು. ವಾಸನೆ ಬಂದರೆ ನನಗೆ ಬಾಯಿತುಂಬಾ ಬೈದು ಕಾಗದ ಬರೆ. ಬಾರದಿದ್ದರೆ ಯಾರನ್ನೂ ಕೇಳುತ್ತಾ ಕೂರಬೇಡ. ಜೆನಿವಾಲ್ದೊಗೆ ಹೇಳಿದ್ದೇನೆ, ವಾಪಸು ಬರುವ ಹಡಗಿನಲ್ಲಿ ಕಂಬಿಯ ಪಕ್ಕ, ಗಾಳಿ ಬರುವ ಕಡೆ ನಿನ್ನ ಜೋಲಿಗೆ ಜಾಗ ಹಿಡಿದಿರುತ್ತಾನೆ. ಹತ್ತಿಬಿಡು.