ಬಂಡೆಯ ತುದಿಯಲ್ಲಿ ತುಂಬಿಸಿದ ಮೂರು ಬಾಟಲಿ ನೀರು

ಮಾನ್ಯ ಜಲಮಾಲಿನ್ಯ ಪರಿಶೀಲನಾಧಿಕಾರಿಗಳೇ,

ನಮ್ಮ ಕೊಲ್ಲಿಯ ನೀರು ‘ತೃಪ್ತಿಕರವಾಗಿದೆ’ ಎಂದು ನೀವು ಬರೆದ ವರದಿ ಸುಳ್ಳು. ಆದರೆ ಸುಳ್ಳು ನಿಮ್ಮದಲ್ಲ, ನನ್ನದು. ದೇವರ ಮುಂದೆ ಇದನ್ನು ಆಗಲೇ ಒಪ್ಪಿಕೊಂಡಿದ್ದೇನೆ. ಅವನು ಅರ್ಜಿ ಕೇಳಲಿಲ್ಲ, ನಾಳೆ ಬಾ ಅನ್ನಲೂ ಇಲ್ಲ. ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ನಿಮ್ಮ ಗೋಡೆಯ ಮೇಲಿರುವ ನೀಲಿ ಸಮುದ್ರದ ಚಿತ್ರ ನೋಡಿ ವಾಪಸಾದೆ. ಚಿತ್ರ ಚೆನ್ನಾಗಿದೆ. ದಿನವೂ ಅದನ್ನೇ ನೋಡುವವರಿಗೆ ನಮ್ಮ ಮಾತು ನಂಬಲು ಕಷ್ಟವೇ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಇಳಿತದ ಹೊತ್ತಿಗೆ ಕೆಸರಿಗಿಳಿದು ಕಪ್ಪೆಚಿಪ್ಪು ಹೆಕ್ಕುವ ಮೂವತ್ತು ಹೆಂಗಸರಲ್ಲಿ ಒಬ್ಬಳು. ಚಿಪ್ಪಿನ ವಿದ್ಯೆ ದೊಡ್ಡದೇನಲ್ಲ. ಬಾಯಿ ತೆರೆದ ಚಿಪ್ಪನ್ನು ಬೆರಳಿನಿಂದ ತಟ್ಟಿದರೆ ತಟ್ಟನೆ ಮುಚ್ಚಿಕೊಳ್ಳಬೇಕು. ಮುಚ್ಚಿದರೆ ಜೀವ ಇದೆ, ಬುಟ್ಟಿಗೆ. ಮುಚ್ಚದಿದ್ದರೆ ಸತ್ತಿದೆ, ಆಚೆಗೆ. ಪಟ್ಟಣದ ಚರಂಡಿಯೂ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೂ ಸೇರಿ ಒಂದೇ ಮೋರಿಯಿಂದ ಕೊಲ್ಲಿಗೆ ನೀರು ಬಿಡಲು ಶುರುಮಾಡಿ ಎರಡು ವರ್ಷವಾಯಿತು. ಈಗ ಹತ್ತು ಚಿಪ್ಪು ತಟ್ಟಿದರೆ ಏಳು ಬಾಯಿ ಬಿಟ್ಟುಕೊಂಡೇ ಇರುತ್ತವೆ. ಮುಚ್ಚಬೇಕಾದ ಚಿಪ್ಪು ಬಾಯಿ ಮುಚ್ಚುವುದಿಲ್ಲ, ತೆರೆಯಬೇಕಾದ ಕಚೇರಿ ಬಾಯಿ ತೆರೆಯುವುದಿಲ್ಲ. ಇದರಲ್ಲಿ ಯಾವುದಕ್ಕೆ ಜೀವ ಇದೆ ಎಂದು ತಿಳಿಯಲು ನಾವು ಯಾರನ್ನು ತಟ್ಟಬೇಕು?

ಇನ್ನು ನನ್ನ ತಪ್ಪು. ನಾವು ಕೊಟ್ಟ ದೂರಿನ ಮೇಲೆ ನೀವು ನೀರಿನ ಮಾದರಿ ಒಯ್ಯಲು ಬಂದಿರಿ. ದೇವರಿಗೆ ಹೆದರುವವಳು, ಸುಳ್ಳಾಡುವವಳಲ್ಲ ಎಂದು ಎಲ್ಲರೂ ನನ್ನನ್ನೇ ನಿಮ್ಮ ಜೊತೆ ಕಳಿಸಿದರು. ನಿಮ್ಮದು ಪಾಲಿಶ್ ಮಾಡಿದ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು. “ಎಲ್ಲಿ ತಗೊಳ್ಳೋಣಮ್ಮ?” ಎಂದು ನಗುತ್ತಾ ಕೇಳಿದಿರಿ. ಅಷ್ಟು ದೂರದಿಂದ ಬಂದವರನ್ನು ಆ ಮೋರಿಯ ಬಾಯಿಗೆ ಹೇಗೆ ಕರೆದೊಯ್ಯಲಿ? ಮನೆಗೆ ನೆಂಟರು ಬಂದಾಗ ಹರಿದ ಚಾಪೆಯನ್ನು ಮಂಚದ ಕೆಳಗೆ ತಳ್ಳುವುದಿಲ್ಲವೇ? ನನ್ನ ಕಾಲು ತಾನಾಗಿ ಕೊಲ್ಲಿಯ ಬಾಯಿಯಲ್ಲಿರುವ ಬಂಡೆಯ ಕಡೆ ತಿರುಗಿತು. ದಿನಾ ಕೆಲಸಕ್ಕೆ ಇಳಿಯುವ ಮೊದಲು ನಾನು ನಿಂತು ಕೈಮುಗಿಯುವ ಜಾಗ ಅದು. ಹೊರಗಿನ ಕಡಲು ನೇರ ಬಂದು ತಾಗುತ್ತದೆ. ತಳದ ಕಲ್ಲು ಎಣಿಸಬಹುದು. ಮೇಲಾಗಿ ಅದು ತುಂಬು ಉಬ್ಬರದ ಹೊತ್ತು. ನೀವು ಮೂರು ಬಾಟಲಿ ತುಂಬಿಸಿ, ಚೀಟಿ ಅಂಟಿಸಿದಿರಿ. ನಾನು ಎಳನೀರು ಕೊಟ್ಟು ಕಳಿಸಿದೆ. ಮರ್ಯಾದೆ ಉಳಿಯಿತು ಎಂದುಕೊಂಡೆ.

ನನ್ನ ನಾದಿನಿಯ ಬಾಯಿ ನಿಮಗೆ ಗೊತ್ತಿಲ್ಲ. ಅವಳಿಗೆ ವಿಷಯ ಗೊತ್ತಾದ ಕೂಡಲೇ ಕೆಸರು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟು ಕೇಳಿದಳು: “ಅಲ್ಲ ಅತ್ತಿಗೆ, ಬಚ್ಚಲು ಕಟ್ಟಿಕೊಂಡಿದೆ ಅಂತ ಕರೆಸಿದವರಿಗೆ ದೇವರ ಕೋಣೆ ತೋರಿಸಿ ಕಳಿಸಿದ್ರಾ?” ಗಂಡ ತೀರಿಕೊಂಡ ಮೇಲೆ ಈ ಕೆಸರನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು ಅವಳು. ಈಗ ಮೊಣಕಾಲಿನವರೆಗೆ ಹುಣ್ಣು. ನಿಮ್ಮ ವರದಿ ಬಂದ ದಿನ ಅವಳು ಬೈಯಲೂ ಇಲ್ಲ. ದೂರನ್ನು ತಿಂಗಳ ಕೊನೆಗೆ ಮುಕ್ತಾಯ ಮಾಡುತ್ತಾರಂತೆ ಎಂದು ನಾನೇ ಓದಿ ಹೇಳಿದೆ. “ಹಾಗಾದ್ರೆ ಪಟ್ಟಣದಲ್ಲಿ ಪಾತ್ರೆ ತೊಳೆಯೋಕೆ ಹೋಗ್ತೀನಿ. ಅಲ್ಲಿ ನೀರಾದ್ರೂ ಚೊಕ್ಕವಾಗಿರುತ್ತೆ” ಎಂದಳು. ಅವಳ ಬೈಗುಳ ತಡೆದುಕೊಂಡೇನು, ಈ ಮಾತು ತಡೆಯಲಾರೆ.

ತಪ್ಪೆಲ್ಲ ನನ್ನ ಮೇಲೆ ಹಾಕಿಕೊಂಡೆ, ಸರಿ. ಆದರೂ ಓದಿದವರು ನೀವು, ಒಂದು ಮಾತು ಕೇಳಲೇ? ದೂರಿನಲ್ಲಿ ಮೋರಿ ಎಂದು ಬರೆದಿದ್ದೆವು, ಬಂಡೆ ಎಂದಲ್ಲ. ರೋಗಿ ಹೊಟ್ಟೆನೋವು ಎಂದು ಬಂದರೆ ಡಾಕ್ಟರು ಕಿವಿ ನೋಡಿ ಚೆನ್ನಾಗಿದೆ ಅನ್ನುತ್ತಾರೆಯೇ? ಉಬ್ಬರದಲ್ಲಿ ಕಡಲು ಒಳಗೆ ಬರುತ್ತದೆ, ಇಳಿತದಲ್ಲಿ ಮೋರಿಯ ನೀರು ಕೆಸರಿನ ಮೇಲೆ ಹರಡುತ್ತದೆ ಎಂಬುದು ಏಳನೇ ತರಗತಿಯವಳಿಗೆ ಗೊತ್ತು. ನಿಮ್ಮ ಪುಸ್ತಕದಲ್ಲಿ ಇರಲಿಲ್ಲವೇ? ಅಥವಾ ನಿಮಗೂ ನನ್ನ ಹಾಗೆ, ಮರ್ಯಾದಸ್ಥರಿಗೆ ಕೊಳಕು ತೋರಿಸಲು ಸಂಕೋಚವೇ?

ದೂರನ್ನು ಮುಚ್ಚಬೇಡಿ. ಬರುವ ಅಮಾವಾಸ್ಯೆಯ ದಿನ ನೀರು ಬಹಳ ಹಿಂದೆ ಸರಿಯುತ್ತದೆ. ಅಂದಿನ ಇಳಿತಕ್ಕೆ ಬನ್ನಿ. ಕಾರ್ಖಾನೆಗೆ ಮೊದಲೇ ಫೋನ್ ಮಾಡಬೇಡಿ, ನಮಗೂ ಬೇಡ. ಬೂಟು ಕಾರಿನಲ್ಲೇ ಬಿಟ್ಟು, ಪ್ಯಾಂಟು ಮಡಚಿಕೊಳ್ಳಿ. ಎಳನೀರು ಕೊಡುವುದಿಲ್ಲ, ಕುರ್ಚಿಯನ್ನೂ ಹಾಕುವುದಿಲ್ಲ. ಮೂವತ್ತು ಹೆಂಗಸರು ಕೆಸರಿನಲ್ಲೇ ನಿಂತಿರುತ್ತೇವೆ. ನಾದಿನಿಯನ್ನೂ ಅಲ್ಲಿಯವರೆಗೆ ಹಿಡಿದು ನಿಲ್ಲಿಸಿದ್ದೇನೆ. ಮೋರಿಯ ಬಾಯಿಗೆ ನಾನೇ ಮುಂದೆ ನಡೆಯುತ್ತೇನೆ. ಬಾಟಲಿ ತುಂಬಿಸುವವರು ನೀವು. ಮೂಗು ಮುಚ್ಚಿಕೊಳ್ಳಲು ಒಂದು ಕೈ ಸಾಲದೆ ಹೋದರೆ ಹೇಳಿ, ಮುಚ್ಚಳ ನಾನು ಹಿಡಿದುಕೊಂಡಿರುತ್ತೇನೆ.

ಇಂತಿ,
ನಿಮಗೆ ಒಳ್ಳೆಯ ನೀರು ತೋರಿಸಿ ಊರಿಗೆ ಕೆಟ್ಟವಳಾದ
ಒಬ್ಬ ಚಿಪ್ಪು ಹೆಕ್ಕುವವಳು