ಹಳದಿ ಚೀಟಿ

ಬೊರೋಸ್, ಸ್ವೀಡನ್
ನವೆಂಬರ್ ೧೪

ಹಬ್ತೋಮ್‌ಗೆ, ಅಬ್ರೆಹೆತ್ ಮಾಡುವ ನಮಸ್ಕಾರ.

ಕಂಪಾಲದಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಸುತ್ತಿ ಬಳಸಿ ಬರೆಯುವ ತ್ರಾಣ ನನಗಿಲ್ಲ. ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿ ತಿರಸ್ಕಾರವಾಯಿತು. ಹೊಸ ಕಾನೂನಿನ ಪ್ರಕಾರ ಗಂಡನನ್ನು ಕರೆಸಿಕೊಳ್ಳುವವಳಿಗೆ ಇಷ್ಟು ಸಂಬಳ, ಇಷ್ಟು ದೊಡ್ಡ ಮನೆ ಇರಲೇಬೇಕು. ವೃದ್ಧಾಶ್ರಮದಲ್ಲಿ ಮುದುಕರನ್ನು ಮೀಯಿಸುವ ನನಗೆ ಎರಡೂ ಇಲ್ಲ.

ಈ ಕಾನೂನೇನು ಆಕಾಶದಿಂದ ಉದುರಿದ್ದಲ್ಲ. ತರುತ್ತೇವೆ ಎಂದು ಹೇಳಿಯೇ ಓಟು ಕೇಳಿದರು, ಗೆದ್ದರು, ತಂದರು. ಆ ಚುನಾವಣೆಗೆ ಮುಂಚೆ ನನಗೂ ಪಕ್ಕದ ಮನೆಯ ನಿಗಿಸ್ತಿಗೂ ಊರಿನ ಆಡಳಿತದ ಬಿಳಿ ಮತಚೀಟಿ, ಪ್ರಾಂತ್ಯದ ನೀಲಿ ಚೀಟಿ ಮಾತ್ರ ಸಿಗುತ್ತಿದ್ದವು. ಪೌರತ್ವ ಬಂದಿದ್ದರಿಂದ ಆ ಸಲ ಮೊದಲ ಬಾರಿಗೆ ಸಂಸತ್ತಿನ ಹಳದಿ ಚೀಟಿಯೂ ನಮ್ಮದಾಯಿತು. ನಿಗಿಸ್ತಿ ಹಬ್ಬದ ಬಿಳಿ ಉಡುಪು ತೊಟ್ಟು ಮತಗಟ್ಟೆಗೆ ಬಂದಿದ್ದಳು. "ಇಷ್ಟು ದಿನ ಕಸ ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ಮಾತ್ರ ನಮ್ಮನ್ನ ಕೇಳ್ತಿದ್ರು ಕಣೇ. ನನ್ ಮಗಳು ಬರ್ಬೇಕೋ ಬೇಡ್ವೋ ಅಂತ ಇವತ್ತು ನಾನೇ ಹೇಳ್ತೀನಿ," ಎಂದಳು.

ನಮ್ಮ ಕಟ್ಟಡದ ಅರ್ಧಕ್ಕರ್ಧ ಜನ ಮತಗಟ್ಟೆಯ ಕಡೆ ತಲೆಯೇ ಹಾಕಲಿಲ್ಲ. ನಿಗಿಸ್ತಿ ಈಗಲೂ ಅವರಿಗೆಲ್ಲ ಶಾಪ ಹಾಕುತ್ತಾಳೆ. ಭಾನುವಾರ ಕಾಫಿಗೆ ಕೂತಾಗಲೂ ಅದೇ ಮಾತು. "ನಾವು ಮನೇಲಿ ಕೂತ್ರೆ ಅವ್ರಿಗೆ ನಮ್ಮ ಹೆದರಿಕೆ ಯಾಕಿರತ್ತೆ? ನನ್ ಜೊತೆ ಬಂದೋಳು ನೀನೊಬ್ಳೇ," ಎಂದು ನನ್ನ ಕೈ ಹಿಡಿದುಕೊಂಡಳು. ಹರಸಿ ಕುಡಿಯುವ ಮೂರನೆಯ ಸುತ್ತಿನ ಕಾಫಿಯನ್ನು ಹಾಗೇ ಬಿಟ್ಟು ಎದ್ದುಬಂದೆ.

ಮೇಲ್ಮನವಿ ಹಾಕು ಎನ್ನುತ್ತೀಯ, ಗೊತ್ತು. ಹಾಕುವುದಿಲ್ಲ. ನಾವು ದೂರಾಗಿ ಒಂಬತ್ತು ವರ್ಷವಾಯಿತು, ನಿನ್ನ ಮುಖ ನೆನಪಾಗಬೇಕಾದರೆ ಫೋಟೋ ನೋಡಬೇಕು. ಒಬ್ಬಳೇ ಇರುವುದು ರೂಢಿಯಾಗಿಬಿಟ್ಟಿದೆ. ನನಗಾಗಿ ಇನ್ನು ಕಾಯಬೇಡ.

ಇಂತಿ,
ದಣಿದಿರುವ
ಅಬ್ರೆಹೆತ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇಲ್ಲಿ ಒಂದೊಂದು ಪಕ್ಷಕ್ಕೂ ಬೇರೆ ಬೇರೆ ಚೀಟಿ; ಅವತ್ತು ಮತಗಟ್ಟೆಯ ಪರದೆಯ ಹಿಂದೆ ನಿಂತು, ಬಾಗಿಲು ಮುಚ್ಚುತ್ತೇವೆ ಎಂದವರ ಹಳದಿ ಚೀಟಿಯನ್ನೇ ನಾನು ಎತ್ತಿಕೊಂಡೆ. ಬರಬೇಡ ಎಂದು ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ, ಸರ್ಕಾರವೇ ಹೇಳಲಿ ಎಂದುಕೊಂಡೆ. ನಿನ್ನೊಬ್ಬನನ್ನು ತಡೆಯಲೆಂದು ಹಾಕಿದ ಓಟು ಅದು. ನಿನ್ನೆ ನಿಗಿಸ್ತಿಯ ಮಗಳ ಅರ್ಜಿಯೂ ತಿರಸ್ಕಾರವಾಗಿ ಬಂತು. ನಿಗಿಸ್ತಿ ನನ್ನ ಹೆಗಲಿಗೆ ತಲೆಯಾನಿಸಿ ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ.