ಕೊನೆಯ ಸುತ್ತು ಓಡಿದವನು

ಮಾರ್ಚ್ ೪, ಬೆಳಿಗ್ಗೆ

ಅಂಗಡಿ ತೆಗೆದೆ. ಶೂ ಡಬ್ಬಿಗಳ ಧೂಳು ಹೊಡೆದೆ. ಟಿವಿಯಲ್ಲಿ ಗುಡುಗು—ನಮ್ಮ ಹೀರೋಗೆ ಅಭಿಮಾನಿಗಳು ಇಟ್ಟ ಹೆಸರು. ನಲವತ್ತೊಂದು ಸಿನಿಮಾ. ಆಟಗಾರನಾಗಿದ್ದು ಮೂರರಲ್ಲಿ. ಬಾಕ್ಸರ್, ಫುಟ್‌ಬಾಲ್ ಕೋಚ್, ಓಟಗಾರ. ನನಗೆ ಆ ಮೂರೇ ಸಾಕು. ಉಳಿದವುಗಳಲ್ಲಿ ಮೂವತ್ತು ಜನರನ್ನು ಹೊಡೆದರೂ ಕ್ರಾಪು ಕೆದರುವುದಿಲ್ಲ. ಬಾಕ್ಸರ್ ಆದಾಗ ಒಬ್ಬನೇ ಒಬ್ಬನ ಮುಂದೆ ಮೂಗಲ್ಲಿ ರಕ್ತ, ಕಾಲಲ್ಲಿ ನಡುಕ. ಕೋಚ್ ಆದಾಗ ಸೋತವರ ಬೂಟಿನ ಲೇಸು ತಾನೇ ಕೂತು ಬಿಚ್ಚುತ್ತಾನೆ, ಒಂದು ಮಾತೂ ಆಡದೆ. ಸೋಲಲು ಬರುವ ಹೀರೋ ಅಪರೂಪ.

ಓಟಗಾರನ ಸಿನಿಮಾ ಬಂದರಂತೂ ವ್ಯಾಪಾರ ಬಂದ್. ಅದರಲ್ಲಿ ಓಡುವ ಕಾಲು ನನ್ನ ತಮ್ಮನದು—ಗುಡುಗಿನ ಡ್ಯೂಪ್ ಆಗಿದ್ದ. ಕೊನೆಯ ಸುತ್ತು, ಐವತ್ತೆರಡು ಸೆಕೆಂಡು. ಎಡ ಹಿಮ್ಮಡಿ ಹೊರ ಅಂಚಿನ ಮೇಲೆ ಬೀಳುತ್ತದೆ. ಅವನ ಶೂ ಸವೆಯುವುದೂ ಅಲ್ಲೇ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆಲ್ಲ ತೋರಿಸಿದ್ದೇನೆ. ಕೆಲವರಿಗೆ ಎರಡೆರಡು ಸಲ.

ಸಂಜೆ ತಮ್ಮನನ್ನು ನೋಡಲು ಆಸ್ಪತ್ರೆಗೆ ಹೋಗಬೇಕು. ಅದೇ ಎಡಗಾಲು. ಶುಗರ್ ಇರುವವನು, ಹೆಬ್ಬೆರಳ ಗಾಯ ಕಪ್ಪಾಗುವ ತನಕ ಯಾರಿಗೂ ಹೇಳಲಿಲ್ಲ.

ಮಾರ್ಚ್ ೫

ಡಾಕ್ಟರು ಸುತ್ತಿಬಳಸಲಿಲ್ಲ. ಪಾದ ತೆಗೆಯಬೇಕು. ಬೇಗ ಒಪ್ಪಿದರೆ ಅಷ್ಟಕ್ಕೇ ಮುಗಿಯುತ್ತದೆ. ತಮ್ಮ ಸಹಿ ಹಾಕಲ್ಲ ಅಂದ.

ತಮ್ಮನ ಹೆಂಡತಿ ನನ್ನನ್ನು ಕಾರಿಡಾರಿಗೆ ಕರೆದಳು. "ಭಾವ, ನೀವು ಹಾವಿಗೂ ಶೂ ಮಾರ್ತೀರಿ ಅಂತ ಇವ್ರು ಯಾವಾಗ್ಲೂ ನಗ್ತಾರೆ. ಒಂದು ಸಹಿ ಹಾಕ್ಸಿ ಕೊಡಿ."

ಹಾಕಿಸುತ್ತೇನೆ ಅಂದೆ. ಬಾಯಿ ನಂಬಿಕೊಂಡೇ ಮೇಲೆ ಬಂದವನು ನಾನು.

ಮಾರ್ಚ್ ೭

ಎರಡು ದಿನ ಗುಡುಗನ್ನೇ ಮುಂದಿಟ್ಟುಕೊಂಡು ಮಾತಾಡಿದೆ. ಒಂದು ಕಣ್ಣು ಮುಚ್ಚಿಹೋದರೂ ಬಾಕ್ಸರ್ ಹೇಗೆ ನಿಂತ, ನೋಡು ಅಂದೆ.

"ಅಣ್ಣಾ, ಅವನು ಬಿದ್ರೆ ಎತ್ತೋಕೆ ಹತ್ತು ಜನ ಓಡಿ ಬರ್ತಿದ್ರು. ನಾನು ಬಿದ್ರೆ, ಇನ್ನೊಂದ್ಸಲ ಬೀಳಪ್ಪ ಅಂತಿದ್ರು."

ನಕ್ಕೆವು. ನರ್ಸ್ ಬಂದಳು. ಫೋನಿನಲ್ಲಿ ಕೊನೆಯ ಸುತ್ತು ತೋರಿಸಿದೆ. "ಈ ಕಾಲು ನೋಡಿ ಸಿಸ್ಟರ್. ಇವನದೇ!" ತಮ್ಮ ಗೋಡೆ ಕಡೆ ತಿರುಗಿ ಮಲಗಿದ.

ಸಹಿ ಇಲ್ಲ.

ಮಾರ್ಚ್ ೧೨

ಜ್ವರ. ಕಪ್ಪು ಮೀನಖಂಡಕ್ಕೆ ಏರಿದೆ. ಈಗ ಮೊಣಕಾಲಿನ ಮೇಲೆ ಕತ್ತರಿಸಬೇಕಂತೆ. ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ, ಮಾತಾಡಿದೆ ಅಷ್ಟೇ.

ಇವತ್ತು ರೇಗಿತು. "ಯಾಕೋ ಈ ಹಟ? ಯಾರಿಗೋಸ್ಕರ ಉಳಿಸ್ತಿದೀಯ ಆ ಕಾಲನ್ನ?"

"ನಿನಗೋಸ್ಕರ."

ಕುರ್ಚಿ ಎಳೆದು ಕೂತೆ.

"ಬಂದವರಿಗೆಲ್ಲ ತೋರಿಸ್ಕೊಂಡು ಬಂದಿದೀಯ. ಕೋಲೂರಿಕೊಂಡು ನಿನ್ನ ಅಂಗಡಿ ಹೇಗೆ ಹತ್ತಲಿ?" ನೀರು ಕುಡಿದ. "ಅದು ನಂದಲ್ಲಣ್ಣ. ಕೊನೇ ಸುತ್ತು. ಅವತ್ತು ನನ್ನ ಕಾಲು ಉಳುಕಿತ್ತು. ಗುಡುಗೇ ಓಡಿದ."

"ಹಿಮ್ಮಡಿ ನಿಂದೇ ಕಣೋ! ಶೂ ಮಾರೋನಿಗೆ ಹೇಳ್ತೀಯಾ?"

"ಹತ್ತು ದಿನ ನನ್ನ ಹಿಂದೆ ಹಿಂದೆ ನಡೆದು ಕಲಿತಿದ್ದ. ಅರ್ಧ ನಾನು ಓಡಿದ್ದು, ಅರ್ಧ ಅವನು ಓಡಿದ್ದು ಅಂತ ಜನಕ್ಕೆ ಗೊತ್ತಾಗಬಾರದು ಅಂತ. ಸಿನಿಮಾ ನೋಡಿ ನೀನು ಕುಣಿದಾಡಿಬಿಟ್ಟೆ. ಅವತ್ತು ಹೇಳೋಕಾಗ್ಲಿಲ್ಲ. ಆಮೇಲೆ... ಹೇಗೆ ಹೇಳೋದು?"

ಪೆನ್ನು ಕೇಳಿದ. ಸಹಿ ಹಾಕಿದ. ನನ್ನ ಒಂದು ಮಾತಿನಿಂದಲೂ ಅಲ್ಲ.

ಮಾರ್ಚ್ ೧೩, ಮಧ್ಯಾಹ್ನ

ಆಪರೇಷನ್ ಆಯಿತು. ಕಣ್ಣು ಬಿಟ್ಟ. ಹೊದಿಕೆ ಎಡಗಡೆ ಚಪ್ಪಟೆ. ನಾನು ಕಿಟಕಿ ನೋಡುತ್ತಾ ನಿಂತೆ.

"ಒಂದೇ ಶೂ ಮಾರ್ತೀಯೇನೋ ಅಣ್ಣ?"

"ನಿನಗಾದ್ರೆ ಜೋಡಿ ಮುರೀತೀನಿ."

ಹಲ್ಲು ಕಾಣುವಷ್ಟು ನಕ್ಕ. ಜ್ವರ ಇಳಿದಿಲ್ಲ.

ಮಾರ್ಚ್ ೧೬

ಬೆಳಿಗ್ಗೆ ಆರೂ ಹತ್ತು. ಹೋದ.

ನಂಜು ರಕ್ತಕ್ಕೆ ಸೇರಿತ್ತಂತೆ. "ಒಂದು ವಾರ ಮುಂಚೆ ಆಗಿದ್ದರೆ..." ಅಂತ ಶುರು ಮಾಡಿದ ಡಾಕ್ಟರು ನನ್ನ ಮುಖ ನೋಡಿ ನಿಲ್ಲಿಸಿದರು.

ಏಪ್ರಿಲ್ ೨೧

ಇವತ್ತು ಅಂಗಡಿ ತೆಗೆದೆ. ಓಟಗಾರನ ಸಿನಿಮಾ ನಾನೇ ಹಾಕಿದೆ. ಇಪ್ಪತ್ತು ವರ್ಷ ಹಿಮ್ಮಡಿ ನೋಡಿದವನು ಇವತ್ತು ಮುಖ ನೋಡಿದೆ. ಚೆನ್ನಾಗಿ ಓಡುತ್ತಾನೆ ಗುಡುಗು. ಒಪ್ಪಲೇಬೇಕು. ತುಟಿ ಕಚ್ಚಿಕೊಂಡು, ಬೇರೆಯವರ ಮಗುವನ್ನು ಎತ್ತಿಕೊಂಡವನ ಎಚ್ಚರದಲ್ಲಿ. ಗೆರೆ ದಾಟಿದ ಮೇಲೆ ಮಂಡಿ ಹಿಡಿದು ಬಗ್ಗುತ್ತಾನೆ. ಕತ್ತೆತ್ತಿ ಕ್ಯಾಮೆರಾದ ಪಕ್ಕಕ್ಕೆ ಯಾರನ್ನೋ ನೋಡುತ್ತಾನೆ—ಸರಿ ಬಂತಾ ಎಂದು ಕೇಳುವ ಕಣ್ಣು. ಕಥೆಯಲ್ಲಿ ಆ ಕಡೆ ಯಾರೂ ಇಲ್ಲ. ತಮ್ಮನೇ ನಿಂತಿದ್ದಿರಬೇಕು, ಉಳುಕಿದ ಕಾಲಿಗೆ ಪಟ್ಟಿ ಸುತ್ತಿಕೊಂಡು. ಏನು ಸನ್ನೆ ಮಾಡಿದನೋ. ಕೇಳಬಹುದಿತ್ತು. ವಾರವಿಡೀ ಪಕ್ಕದಲ್ಲೇ ಕೂತಿದ್ದೆ. ನಾನೇ ಮಾತಾಡಿದೆ.

ಚಿತ್ರ ಅಲ್ಲೇ ನಿಲ್ಲಿಸಿಟ್ಟಿದ್ದೇನೆ. ಹಳೇ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು, "ಇದೇ ಅಲ್ವಾ, ನಿಮ್ಮ ತಮ್ಮ?"

ಅಲ್ಲ ಸಾರ್ ಅಂದೆ, ಪರದೆಯ ಅಂಚಿನಾಚೆ ಬೆರಳು ತೋರಿಸಿ. ಅವನು ಇನ್ನೂ ಸ್ವಲ್ಪ ಈ ಕಡೆ—